ಟೈಟ್ರೇಷನ್ ಕಂಪ್ಯೂಟರ್ ಕೈಗೆ: ಪಿಎಚ್ ಮೀಟರ್, ಮೋಟಾರ್ ಬ್ಯುರೆಟ್ ಜೋಡಿಸುವಾಗ

ಟೈಟ್ರೇಷನ್ ಎಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಬ್ಯುರೆಟ್ ಎಂಬ ಅಳತೆ ಕೊಳವೆಯಿಂದ ಹಾಕುತ್ತಾ, ಪ್ರತಿಕ್ರಿಯೆ ಮುಗಿಯುವ ಅಂತ್ಯಬಿಂದುವನ್ನು ಹುಡುಕುವುದು. 25 ಮಿ.ಲೀ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತಾ ಹೋಗಿ. 20 ಮಿ.ಲೀ. ಸುರಿದರೂ ಪಿಎಚ್ 2ನ್ನು ದಾಟಿರುವುದಿಲ್ಲ. 24.95ಕ್ಕೆ 4, 25.05ಕ್ಕೆ 10. ಎರಡೇ ಹನಿಯಲ್ಲಿ ಆರು ಪಿಎಚ್ ಜಿಗಿತ! ಯಾವಾಗ ನಿಧಾನಿಸಬೇಕು, ಎಷ್ಟು ಕಾಯಬೇಕು: ಕಂಪ್ಯೂಟರಿಗೆ ಮುಖ್ಯವಾಗಿ ಕಲಿಸಬೇಕಾದದ್ದು ಇದನ್ನೇ.

ಮೊದಲು ಸಂಪರ್ಕ. ಹಳೆಯ ಮೀಟರಿನ ಹಿಂದೆ ಆರ್‌ಎಸ್-232 ಪೋರ್ಟ್ (ಹಳೆಯ ಸೀರಿಯಲ್ ಕಿಂಡಿ) ಇದ್ದರೆ ಯುಎಸ್‌ಬಿ ಪರಿವರ್ತಕ ಸಾಕು. 9600 ಬಾಡ್ (ದತ್ತಾಂಶ ಹರಿಯುವ ವೇಗ), 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂಬುದು ಸಾಮಾನ್ಯ ಸೆಟ್ಟಿಂಗ್. ಮೀಟರಿನಲ್ಲಿ ಬೇರೆ ಇದ್ದರೆ ಅದನ್ನೇ ಪ್ರೋಗ್ರಾಮಿಗೂ ಕೊಡಿ. ಅರ್ಥವಿಲ್ಲದ ಅಕ್ಷರಗಳು ಬಂದರೆ ಬಾಡ್ ದರ ನೋಡಿ. ಏನೂ ಬರದಿದ್ದರೆ 2 ಮತ್ತು 3ನೇ ಪಿನ್ (ಕಳಿಸುವ, ಪಡೆಯುವ ತಂತಿಗಳು) ಅದಲುಬದಲು ಮಾಡುವ ನಲ್-ಮೋಡೆಮ್ ಕೇಬಲ್ ಹಾಕಿ ನೋಡಿ.

ಮೀಟರ್ ಬಿಟ್ಟು ದ್ರಾವಣದಲ್ಲಿ ಅದ್ದುವ ಗಾಜಿನ ಎಲೆಕ್ಟ್ರೋಡನ್ನೇ ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ಜೋಡಿಸುವ ಆಸೆ ಬೇಡ. ಗಾಜಿನ ಪೊರೆಯ ರೋಧ ಬಹಳ ಹೆಚ್ಚು, ನಡುವೆ ಸುಮಾರು ಲಕ್ಷ ಕೋಟಿ ಓಮ್ ಇನ್‌ಪುಟ್ ರೋಧದ ಬಫರ್ ಆಂಪ್ಲಿಫೈಯರ್ ಬೇಕೇ ಬೇಕು. ಮೇಲಾಗಿ 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಸಿಗುವುದು 59.16 ಮಿಲಿವೋಲ್ಟ್, ಆರ್ಡುಯಿನೋ ಉನೋದ 10 ಬಿಟ್ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗದ) ಒಂದು ಮೆಟ್ಟಿಲೇ 4.9 ಮಿಲಿವೋಲ್ಟ್, ಅಂದರೆ 0.08 ಪಿಎಚ್.

ಇನ್ನು ಪ್ರೋಗ್ರಾಮ್: ಸುರಿ, ಕಾಯಿ, ಓದು, ಬರೆದಿಡು. ಒಂದು ಸೆಕೆಂಡ್ ಅಂತರದ ಐದು ಓದುಗಳು 0.5 ಮಿಲಿವೋಲ್ಟ್ ಒಳಗಿದ್ದರೆ ಸ್ಥಿರವಾಯಿತೆನ್ನಿ. 60 ಸೆಕೆಂಡಾದರೂ ನಿಲ್ಲದಿದ್ದರೆ ಗುರುತು ಹಾಕಿ ಮುಂದೆ ಹೋಗಿ. 0.5 ಮಿ.ಲೀ.ಯಿಂದ ಶುರುಮಾಡಿ. ಒಂದು ಸಲಕ್ಕೆ 12 ಮಿಲಿವೋಲ್ಟಿಗಿಂತ ಹೆಚ್ಚು ಬದಲಾದರೆ ಮುಂದಿನ ಪ್ರಮಾಣ ಅರ್ಧ, ಕನಿಷ್ಠ 0.02. ಲೆಕ್ಕ ಹಾಕಿ ನೋಡಿ: 24ರಿಂದ 24.5ಕ್ಕೆ 18 ಮಿಲಿವೋಲ್ಟ್, ಅರ್ಧವಾಯಿತು; 24.75ಕ್ಕೆ ಮತ್ತೆ 18, ಮತ್ತೆ ಅರ್ಧ. ಉಳಿದ ದೂರವೂ ಪ್ರತಿ ಸಲ ಅರ್ಧವಾಗುತ್ತಾ ಬರುವುದರಿಂದ ಅಂತ್ಯಬಿಂದುವನ್ನು ಎಡವದೆ ಮುಟ್ಟುತ್ತೇವೆ. ಅಲ್ಲೇ ನಿಲ್ಲಿಸಬೇಡಿ, ಪಿಎಚ್ 11ರವರೆಗೆ ಹೋಗಿ. ಇಳಿಜಾರಿನ ಶಿಖರ, ಅಂದರೆ ರೇಖೆ ಅತಿ ಕಡಿದಾಗಿ ಏರುವ ಅಂತ್ಯಬಿಂದು, ಗುರುತಿಸಲು ಎರಡೂ ಬದಿಯ ಬಿಂದುಗಳು ಬೇಕು.

ಬಹಳ ಜನ ಬೀಳುವ ಗುಂಡಿ ಇದು. ಕೆಲವು ಮೀಟರುಗಳು ತಾವಾಗಿಯೇ ಸೆಕೆಂಡಿಗೊಂದು ಸಾಲು ಕಳಿಸುತ್ತವೆ. ಪ್ರೋಗ್ರಾಮ್ ಹತ್ತು ಸೆಕೆಂಡ್ ಸುಮ್ಮನಿದ್ದು ಒಂದು ಸಾಲು ಓದಿದರೆ, ಕೈಗೆ ಬರುವುದು ಕಂಪ್ಯೂಟರಿನ ಬಫರಿನಲ್ಲಿ (ಬಂದ ಸಾಲುಗಳು ಕಾಯುವ ತಾತ್ಕಾಲಿಕ ಜಾಗದಲ್ಲಿ) ಕೂತ ಹಳೆಯ ಸಾಲು. ಪ್ರತಿ ಸುತ್ತಿಗೂ ಈ ಹಿಂದುಳಿಕೆ ಬೆಳೆಯುತ್ತದೆ. ರೇಖೆ ನುಣುಪಾಗಿಯೇ ಬರುತ್ತದೆ, ಅಂತ್ಯಬಿಂದು ಮಾತ್ರ ಬಲಕ್ಕೆ ಸರಿದಿರುತ್ತದೆ. ಓದುವ ಮುನ್ನ ಬಫರ್ ಖಾಲಿ ಮಾಡಿ, ಅರ್ಧಕ್ಕೆ ತುಂಡಾಗಿರಬಹುದಾದ ಮೊದಲ ಸಾಲನ್ನು ಬಿಟ್ಟು ಮುಂದಿನದನ್ನು ತೆಗೆದುಕೊಳ್ಳಿ.

ಬ್ಯುರೆಟ್ಟಿನ ಸ್ಕ್ರೂ ಸಡಿಲವೂ ಅಂತ್ಯಬಿಂದುವನ್ನು ಬಲಕ್ಕೇ ಎಳೆಯುತ್ತದೆ. ತುಂಬಿಕೊಂಡು ದಿಕ್ಕು ಬದಲಿಸಿದಾಗ ಮೊದಲ ಕೆಲವು ಹೆಜ್ಜೆಗಳಲ್ಲಿ ಮೋಟಾರ್ ತಿರುಗುತ್ತದೆ, ದ್ರವ ಬರುವುದಿಲ್ಲ. ಕಂಪ್ಯೂಟರ್ ಬಂದಿತೆಂದೇ ಎಣಿಸುತ್ತದೆ. ತುಂಬಿದ ಮೇಲೆ 0.2 ಮಿ.ಲೀ. ಹೊರಚೆಲ್ಲಿ ಆಮೇಲೆ ಸೊನ್ನೆಯಿಂದ ಎಣಿಸಿ.

ಫೈಲಿಗೆ ಪಿಎಚ್ ಜೊತೆ ಮಿಲಿವೋಲ್ಟ್, ಉಷ್ಣತೆಯನ್ನೂ ಬರೆಯಿರಿ. ಕ್ಯಾಲಿಬ್ರೇಷನ್ (ಗೊತ್ತಿರುವ ಪಿಎಚ್ ದ್ರಾವಣಗಳಿಂದ ಮೀಟರನ್ನು ಹೊಂದಿಸಿದ್ದು) ತಪ್ಪಿದ್ದು ಆಮೇಲೆ ಗೊತ್ತಾದರೂ ಲೆಕ್ಕ ತಿದ್ದಬಹುದು. ಲ್ಯಾಪ್‌ಟಾಪಿನ ಸ್ಲೀಪ್ ಆಫ್ ಮಾಡಿರಿ.

ಇಷ್ಟಾದರೂ ಅಂತ್ಯಬಿಂದು ಸರಿಯುತ್ತಿದ್ದರೆ ತೂಕ ಮಾಡಿ. 25 ಡಿಗ್ರಿಯ ಶುದ್ಧ ನೀರು 10 ಮಿ.ಲೀ. ಸುರಿಸಿದರೆ ತಕ್ಕಡಿ 9.96 ಗ್ರಾಂ ತೋರಿಸಬೇಕು. ತೋರಿಸಿದರೆ ಬ್ಯುರೆಟ್ ಸರಿಯಿದೆ, ತಪ್ಪನ್ನು ಓದುವ ಕಡೆ ಹುಡುಕಿ.