ಪೆಟ್ರಿಕೋರ್ ಅಂದರೆ ಯಾವ ವಾಸನೆ?

ಮುಂಗಾರು ಶುರುವಾದರೆ ಸಾಕು, ಒಣ ನೆಲಕ್ಕೆ ಮಳೆ ಬಿದ್ದಾಗ ಏಳುವ ಘಮಕ್ಕೆ ಹೇಳುವ ‘ಪೆಟ್ರಿಕೋರ್’ ಪದ ಎಲ್ಲರ ಫೋನಿನಲ್ಲೂ ಓಡಾಡುತ್ತದೆ. ಈ ಸಲವೂ ಒಂದು ಬರಹ ಕಣ್ಣಿಗೆ ಬಿತ್ತು: ‘ಪೆಟ್ರಿಕೋರ್ ಎಂದರೆ ಮಣ್ಣಿನ ಬ್ಯಾಕ್ಟೀರಿಯಾ ಬಿಡುವ ರಾಸಾಯನಿಕ’. ಎಷ್ಟು ಸಲ ಹೇಳಬೇಕು? ಆ ರಾಸಾಯನಿಕದ ಹೆಸರು ಜಿಯೋಸ್ಮಿನ್. ಬೀಟ್‌ರೂಟ್ ಹೆಚ್ಚುವಾಗ ಮೂಗಿಗೆ ಬರುವ ಮಣ್ಣಿನ ವಾಸನೆಯೂ ಅದರದ್ದೇ. ಮಳೆ ಬಂದಾಗ ಪೆಟ್ರಿಕೋರ್, ಜಿಯೋಸ್ಮಿನ್ ಎರಡೂ ಒಟ್ಟಿಗೆ ಏಳುತ್ತವೆ, ನಿಜ. ಹಾಗಂತ ಎರಡೂ ಒಂದೇ ಆಗಿಬಿಡುತ್ತವಾ?

ಪೆಟ್ರಿಕೋರ್ ಹುಟ್ಟಿದ್ದು 1964ರಲ್ಲಿ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ‘ನೇಚರ್’ ಪತ್ರಿಕೆಯ ತಮ್ಮ ಲೇಖನದಲ್ಲಿ ಈ ಪದ ಕಟ್ಟಿದರು. ಒಣಗಿದ ಕಲ್ಲು, ಜೇಡಿಗೆ ಹಬೆ ಹಾಯಿಸಿ ಅವರು ತೆಗೆದದ್ದು ಹಳದಿ ಬಣ್ಣದ ಒಂದು ಎಣ್ಣೆ. ಹೆಸರು ಆ ಎಣ್ಣೆಗೆ ಇಟ್ಟದ್ದು. ಗ್ರೀಕಿನಲ್ಲಿ ‘ಪೆಟ್ರಾ’ ಅಂದರೆ ಬಂಡೆ. ಪೆಟ್ರೋಲಿಯಂನಲ್ಲಿ ಇರುವುದೂ ಇದೇ ಪೆಟ್ರಾ. ‘ಇಕೋರ್’ ಅಂದರೆ ಗ್ರೀಕ್ ಪುರಾಣದ ದೇವತೆಗಳ ಮೈಯಲ್ಲಿ ನೆತ್ತರಿನ ಬದಲು ಹರಿಯುವ ರಸ. ಸೇರಿಸಿದರೆ ಬಂಡೆಯ ಜೀವರಸ. ಎಂಥ ಚೆಂದದ ಹೆಸರು! ಇದರಲ್ಲಿ ಮಳೆಯೂ ಇಲ್ಲ, ಮಣ್ಣೂ ಇಲ್ಲ, ಬ್ಯಾಕ್ಟೀರಿಯಾ ಅಂತೂ ಇಲ್ಲವೇ ಇಲ್ಲ.

ಒಂದು ಕಡೆ ಮಾತ್ರ ಹೆಸರೇ ದಾರಿ ತಪ್ಪಿಸುತ್ತದೆ. ಈ ರಸ ಬಂಡೆಯೊಳಗೆ ಹುಟ್ಟಿದ್ದಲ್ಲ. ಗಿಡಮರಗಳು ಟರ್ಪೀನ್ ಎಂಬ ಗುಂಪಿನ ಆವಿಗಳನ್ನು ಗಾಳಿಗೆ ಬಿಡುತ್ತಲೇ ಇರುತ್ತವೆ. ನಿಂಬೆ ಸಿಪ್ಪೆಯ ಲಿಮೋನೀನ್, ಪೈನ್ ಮರದ ಪೈನೀನ್ ಈ ಗುಂಪಿನವು. ಬಂಡೆಯಿರಲಿ, ಜೇಡಿಯಿರಲಿ, ಗಾಳಿಯಲ್ಲಿ ತೇಲುವ ಧೂಳಿನ ಕಣವಿರಲಿ, ಇವು ಸಿಕ್ಕಲ್ಲಿ ಮೆತ್ತಿಕೊಳ್ಳುತ್ತವೆ.

‘ಕಲ್ಲು ಎಣ್ಣೆ ಹೀರಿಕೊಳ್ಳುತ್ತದೆ’ ಅಂತಲೂ ಬರೆಯುತ್ತಾರೆ. ‘ಹೀರು’ ಇಲ್ಲಿ ಸರಿ ಹೊಂದುವುದಿಲ್ಲ. ಬಟ್ಟೆ ನೀರು ಹೀರಿದರೆ ನೂಲೆಲ್ಲ ಒದ್ದೆ. ಇಲ್ಲಿ ಆವಿ ಖನಿಜದ ಮೈಗೆ ಅಂಟುತ್ತದೆ, ಅಷ್ಟೇ. ಜೇಡಿಯಲ್ಲಿ ಸಣ್ಣ ಸಣ್ಣ ತೂತುಗಳು ಬೇಕಾದಷ್ಟಿರುವುದರಿಂದ ಅಂಟುವ ಜಾಗವೂ ಜಾಸ್ತಿ. ಸುಮ್ನೆ ಪದಕ್ಕಾಗಿ ಜಗಳವಲ್ಲ ಇದು. ಖನಿಜದ ಮೈ ಟರ್ಪೀನ್‌ಗಿಂತ ನೀರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನೀರು ಬಂದು ಕೂತರೆ ಎಣ್ಣೆ ಏಳಲೇಬೇಕು. ಹಾಗೆ ಎದ್ದದ್ದೇ ನಮ್ಮ ಮೂಗಿಗೆ ಬರುವ ಘಮ.

ಮನೆಯಲ್ಲೇ ನೋಡಬಹುದು. ಬೇಸಿಗೆಯೆಲ್ಲ ಹಿತ್ತಲಲ್ಲಿ ಬಿಸಿಲು ಕಾದ ಹಳೇ ಹೆಂಚಿನ ಮೇಲೆ ಒಂದು ಚಮಚ ನೀರು ಚಿಮುಕಿಸಿ, ಮೂಗು ಹತ್ತಿರ ತನ್ನಿ. ಘಮ್ ಅನ್ನುತ್ತದೆ. ಉತ್ತರ ಪ್ರದೇಶದ ಕನೌಜ್‌ನವರು ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ, ಈ ಘಮವನ್ನು ಗಂಧದೆಣ್ಣೆಯಲ್ಲಿ ಹಿಡಿದು ಅತ್ತರು ಮಾಡುತ್ತಾರೆ. ಬೇರ್ ಮತ್ತು ಥಾಮಸ್ ಕೂಡ ತಮ್ಮ ಲೇಖನದಲ್ಲಿ ಈ ಅತ್ತರನ್ನು ಹೆಸರಿಸಿದ್ದಾರೆ.

ಎಣ್ಣೆ ಕೂಡಿಕೊಳ್ಳಲು ಒಣ ದಿನಗಳು ಬೇಕು. ವಾರದಿಂದ ಜಿಟಿಜಿಟಿ ಮಳೆ ಹಿಡಿದ ಮಡಿಕೇರಿಯ ಫೋಟೊ ಹಾಕಿ, ಕೆಳಗೆ ‘ಪೆಟ್ರಿಕೋರ್’ ಅಂತ ಬರೆಯಬೇಡಿ, ದಯವಿಟ್ಟು. ಆಗ ಅಲ್ಲಿ ಮೂಗಿಗೆ ಬರುವುದು ಜಿಯೋಸ್ಮಿನ್, ಕೊಳೆತ ಎಲೆ, ಪಾಚಿ. ಅದಕ್ಕೆ ‘ಮಣ್ಣಿನ ವಾಸನೆ’ ಅನ್ನುವ ನಮ್ಮದೇ ಮಾತು ಇದೆ ಅಲ್ವಾ?