ಇದು ನಿಮ್ಮದೇ ಫೋನಾ?

ಹೋದ ಮಳೆಗಾಲದಲ್ಲಿ ಬಂಟ್ವಾಳ ಕಡೆಯಿಂದ ಬೀಡಿ ಕಟ್ಟುವ ಹೆಂಗಸೊಬ್ಬರು, ಉಚಿತ ಕಾನೂನು ನೆರವಿನ ಕೆಲಸ ಮಾಡುವ ನನಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ತಡ್ಪೆಯ (ಮೊರದ) ಮೇಲಿಟ್ಟ ಕೋರ್ಟ್ ಸಮನ್ಸ್. ಅರ್ಧ ನೆರಳು, ಮೂಲೆಯಲ್ಲಿ ತಂಬಾಕಿನ ಪುಡಿ. ಅವರ ತಮ್ಮ ಹಾಕಿದ ಆಸ್ತಿ ಪಾಲಿನ ದಾವೆ. ಹಾಜರಾಗುವ ತಾರೀಕು ಮಾತ್ರ ಸರಿಯಾಗಿ ಕಾಣುತ್ತಿತ್ತು, ಉಳಿದದ್ದು ಮೂರೇ ದಿನ. ಫೋಟೋ ಬಂದದ್ದರಿಂದ ಮಂಗಳೂರಿಗೆ ಒಂದು ಓಡಾಟ, ಒಂದು ದಿನದ ಕೂಲಿ ಎರಡೂ ಉಳಿದವು.

ಇಂಥ ದಾವೆಯಲ್ಲಿ ಸಮನ್ಸ್ ಕೈಗೆ ಬಂದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಹಾಗಾಗಿ ಫೋಟೋ ಕಳಿಸುವವರಿಗೆ ನಾನು ಹೇಳುವುದಿಷ್ಟು: ಕಾಗದದ ಎರಡೂ ಬದಿ ತೆಗೆಯಿರಿ, ಕೋರ್ಟಿನ ಕಾಗದ ತಲುಪಿಸುವ ಅಮೀನರು ಯಾವತ್ತು ತಂದುಕೊಟ್ಟರು ಅಂತ ಒಂದು ವಾಯ್ಸ್ ಮೆಸೇಜ್ ಹಾಕಿ. ತುಳುವಿನಲ್ಲೇ ಹೇಳಿ, ಬ್ಯಾರಿಯಲ್ಲಾದರೂ ಹೇಳಿ. ಟೈಪ್ ಮಾಡಲು ಹೋದರೆ ಎರಡು ಸಾಲು ಬರುತ್ತದೆ, ಮಾತಾಡಿದರೆ ಇಡೀ ಕಥೆ ಬರುತ್ತದೆ.

ಉಚಿತ ವಕೀಲರು ಎಂದ ಕೂಡಲೇ ಬರುವ ಪ್ರಶ್ನೆ, "ಬಿಪಿಎಲ್ ಕಾರ್ಡ್ ಬೇಕಾ ಮೇಡಂ?" ಹೆಂಗಸರಿಗೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟಿದ್ದರೂ ಕೇಳಬಹುದು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಟೆಲಿ-ಲಾ ಎಂಬುದು ಬೇರೆ. ಅದು 2017ರಲ್ಲಿ ಶುರುವಾದದ್ದು, ಊರಿನ ಸಾಮಾನ್ಯ ಸೇವಾ ಕೇಂದ್ರದಿಂದ ಫೋನ್ ಅಥವಾ ವಿಡಿಯೋದಲ್ಲಿ ವಕೀಲರ ಸಲಹೆ ಸಿಗುತ್ತದೆ. ಸಲಹೆ ಮಾತ್ರ. ಕೋರ್ಟಿನಲ್ಲಿ ನಿಮ್ಮ ಪರವಾಗಿ ನಿಲ್ಲಲು ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಅರ್ಜಿ ಹಾಕಲೇಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ "ಫೋನಲ್ಲಿ ಮಾತಾಡಿದ್ದೆ, ಕೇಸು ನಡೀತಾ ಉಂಟು" ಅಂತ ಸುಮ್ನೆ ಕಾದವರನ್ನು ನೋಡಿದ್ದೇನೆ.

ಅರ್ಜಿ ಆನ್‌ಲೈನಲ್ಲೂ ಹಾಕಬಹುದು. ಆದರೆ ಅಲ್ಲಿ ಕೇಸು ಯಾವ ಬಗೆಯದ್ದು ಎಂದು ಆರಿಸಬೇಕು. "ಗಲ್ಫಿನಿಂದ ಗಂಡ ಆರು ತಿಂಗಳಿಂದ ದುಡ್ಡು ಕಳಿಸಿಲ್ಲ" ಎನ್ನುವವರಿಗೆ ಅದರ ಹೆಸರು ಜೀವನಾಂಶ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಹೆಸರಿಡುವುದು ನಮ್ಮ ಕೆಲಸ. ಅದನ್ನು ಕಷ್ಟದಲ್ಲಿರುವವರ ತಲೆಗೆ ಕಟ್ಟಿದ ಆ್ಯಪ್ ಎಷ್ಟು ಚೆಂದವಿದ್ದರೂ ನನಗೆ ಹಿಡಿಸುವುದಿಲ್ಲ.

ಇದಕ್ಕಿಂತ ಜಾಸ್ತಿ ಕಾಡುವುದು ಫೋನಿನ ಯಜಮಾನಿಕೆ. ಒಬ್ಬರ ಅರ್ಜಿಯಲ್ಲಿ ಅವರೇ ಹೇಳಿದ ನಂಬರ್ ಬರೆದಿದ್ದೆ. ಮುಂದಿನ ತಾರೀಕಿನ ಮೆಸೇಜ್ ನೇರ ಗಂಡನಿಗೆ ಹೋಯಿತು. ಸಿಮ್ ಅವನದು, ಫೋನೂ ಅವನದೇ. ಆಕೆ ಆ ವಾರವೇ ಕೇಸು ಬೇಡ ಎಂದರು. ತಪ್ಪು ನನ್ನದು, ಕೇಳಬೇಕಿತ್ತು. ಊರಿನ ಸೇವಾ ಕೇಂದ್ರದಲ್ಲೂ ಇದೇ ಪಾಡು. ಕಂಪ್ಯೂಟರ್ ಮುಂದೆ ಕೂತವನು ಗಂಡನ ಚಿಕ್ಕಪ್ಪನ ಮಗನಾಗಿದ್ದರೆ ಯಾರು ಬಾಯಿ ಬಿಡುತ್ತಾರೆ?

ಈಗ ಹೆಸರು ಕೇಳುವ ಮೊದಲೇ ಇದು ನಿಮ್ಮದೇ ಫೋನಾ ಎಂದು ಕೇಳುತ್ತೇನೆ. ಅಲ್ಲ ಎಂದರೆ ಅಕ್ಕನ ನಂಬರೋ ನೆರೆಮನೆಯವರ ನಂಬರೋ ಬರೆಯುತ್ತೇವೆ. ಅದೂ ಇಲ್ಲದವರಿಗೆ, ಬೀಡಿ ಕೊಡಲು ಬ್ರಾಂಚಿಗೆ ಬಂದ ದಿನ ಅಲ್ಲಿಂದ ಯಾರದ್ದಾದರೂ ಫೋನಲ್ಲಿ ಒಂದು ಮಿಸ್ಡ್ ಕಾಲ್ ಕೊಡಿ ಎಂದು ಹೇಳಿ ಕಳಿಸುತ್ತೇನೆ.