ಇ-ಸಿಮ್ ಟಿಪ್ಪಣಿ: ಕಾರ್ಡ್ ಇಲ್ಲದ ಮೇಲೆ ನಂಬರ್ ಎಲ್ಲಿ?

ಅಮೆರಿಕದಿಂದ ಬಂದ ದೊಡ್ಡಪ್ಪನ ಮಗ ಅಪ್ಪನಿಗೆ ಒಂದು ಐಫೋನ್ 14 ತಂದುಕೊಟ್ಟ. ಅಪ್ಪ ಹಳೇ ಫೋನಿನ ಸಿಮ್ ಬಿಚ್ಚಿ ಅಂಗೈಲಿಟ್ಟುಕೊಂಡರು. ಪಿನ್ ಹಿಡಿದು ಹೊಸ ಫೋನಿನ ನಾಲ್ಕೂ ಅಂಚು ತಿರುಗಿಸಿ ನೋಡಿದರು. ಚುಚ್ಚೋಕೆ ತೂತೇ ಇಲ್ಲ! 2022ರಲ್ಲಿ ಬಂದ ಈ ಸರಣಿಯಿಂದ ಅಮೆರಿಕದ ಐಫೋನ್‌ಗಳಿಗೆ ಸಿಮ್ ಟ್ರೇ ಇಲ್ಲ, ಇ-ಸಿಮ್ ಮಾತ್ರ. "ಹಾಗಾದ್ರೆ ನನ್ನ ನಂಬರ್ ಎಲ್ಲಿ ಹಾಕ್ತೀಯ?" ಅಂದರು. ಉತ್ತರ ಹುಡುಕುತ್ತಾ ಓದಿಕೊಂಡದ್ದು ಇಷ್ಟು.

ಸಿಮ್ ಒಳಗೆ ಏನಿದೆ?

ನಂಬರ್ ಸಿಮ್‌ನಲ್ಲೇ ಕೂತಿರುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಅಸಲಿಗೆ ಅಲ್ಲಿರುವ ಮುಖ್ಯ ಸರಕು ಎರಡು. ಒಂದು, ಐಎಂಎಸ್‌ಐ ಅನ್ನುವ ಗುರುತಿನ ಸಂಖ್ಯೆ. ಸಾಮಾನ್ಯವಾಗಿ 15 ಅಂಕಿ, ನಮ್ಮ ದೇಶದ್ದಾದರೆ 404 ಅಥವಾ 405ರಿಂದ ಶುರು. ಇನ್ನೊಂದು, ಸಾಮಾನ್ಯವಾಗಿ 128 ಬಿಟ್‌ನ ಒಂದು ಗುಟ್ಟಿನ ಕೀ. ಯಾವ ಐಎಂಎಸ್‌ಐಗೆ ಯಾವ ಹತ್ತಂಕಿ ನಂಬರ್ ಅನ್ನುವ ಲೆಕ್ಕ ಇರುವುದು ಸಿಮ್ ಕೊಟ್ಟ ಕಂಪನಿಯ ಸರ್ವರ್‌ನಲ್ಲಿ. ಸಿಮ್ ಕಳೆದರೂ ಡೂಪ್ಲಿಕೇಟ್‌ನಲ್ಲಿ ಅದೇ ನಂಬರ್ ಸಿಗುವುದು ಇದಕ್ಕೇ.

ಫೋನ್ ಆನ್ ಮಾಡಿದಾಗ ನಡೆಯುವುದು ಒಗಟಿನ ಆಟ. ನೆಟ್‌ವರ್ಕ್ ಒಂದು ಯಾದೃಚ್ಛಿಕ ಸಂಖ್ಯೆ, ಅಂದರೆ ಲೆಕ್ಕಕ್ಕೆ ಸಿಗದ ಯಾವುದೋ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಸಿಮ್ ಅದನ್ನು ತನ್ನ ಕೀ ಜೊತೆ ಸೇರಿಸಿ ಲೆಕ್ಕ ಹಾಕಿ ಉತ್ತರ ಹೇಳುತ್ತದೆ. ಕಂಪನಿ ಕಡೆಯೂ ಅದೇ ಕೀ ಇದೆ, ಅದೇ ಲೆಕ್ಕ ನಡೆಯುತ್ತದೆ. ಎರಡೂ ಉತ್ತರ ಹೊಂದಿದರೆ ಒಳಗೆ ಪ್ರವೇಶ. ಪ್ರತಿ ಸಲ ಒಗಟು ಬೇರೆ. ಕೀ ಮಾತ್ರ ಯಾವತ್ತೂ ಸಿಮ್ ಬಿಟ್ಟು ಹೊರಗೆ ಬರುವುದಿಲ್ಲ. ಅಂದರೆ ಸಿಮ್ ಅನ್ನುವುದು ಬರೀ ಮೆಮೊರಿ ಅಲ್ಲ, ಲೆಕ್ಕ ಮಾಡುವ ಪುಟ್ಟ ಕಂಪ್ಯೂಟರ್.

ಪ್ಲಾಸ್ಟಿಕ್ ಏನಿದ್ದರೂ ಹೊರಗಿನ ಅಂಗಿ. 1991ರಲ್ಲಿ ಮ್ಯೂನಿಕ್‌ನ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ ಫಿನ್ಲೆಂಡಿನ ಮೊಬೈಲ್ ಕಂಪನಿ ರೇಡಿಯೋಲಿಂಜಾಗೆ ಮೊದಲ ಸಿಮ್‌ಗಳನ್ನು ಕೊಟ್ಟಾಗ ಅವು ಎಟಿಎಂ ಕಾರ್ಡ್ ಅಷ್ಟು ದೊಡ್ಡವು. ಆಮೇಲೆ ಮಿನಿ, ಮೈಕ್ರೋ, ನ್ಯಾನೋ. ನ್ಯಾನೋ ಅಳತೆ 12.3 ಗುಣಿಸು 8.8 ಮಿಲಿಮೀಟರ್. ಮೊಬೈಲ್ ಅಂಗಡಿಯವರು ಸ್ಟೇಪ್ಲರ್ ಥರದ ಕಟರ್‌ನಲ್ಲಿ "ಟಕ್" ಅಂತ ಸಿಮ್ ಕತ್ತರಿಸುತ್ತಿದ್ದದ್ದು ನೆನಪಿದೆಯಾ? ಅಂಚು ಕತ್ತರಿಸಿದರೂ ಸಿಮ್ ನಡೀತಿತ್ತು, ಯಾಕಂದ್ರೆ ನಿಜವಾದ ಚಿಪ್ ಆ ಬಂಗಾರದ ಬಣ್ಣದ ತಗಡಿನ ಹಿಂದೆ ಇರುವ ಒಂದು ಚೂರು ಮಾತ್ರ.

ಹಾಗಾದರೆ ಇ-ಸಿಮ್?

ಇಲ್ಲಿ 'ಇ' ಅಂದರೆ ಎಲೆಕ್ಟ್ರಾನಿಕ್ ಅಲ್ಲ, ಎಂಬೆಡೆಡ್. ಚಿಪ್ಪನ್ನು ಫೋನಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸಿಮ್ ಮಾಯವಾಗಿಲ್ಲ, ಬಿಚ್ಚಲಾಗದಂತೆ ಒಳಗೆ ಕೂತಿದೆ ಅಷ್ಟೆ. ಫ್ಯಾಕ್ಟರಿಯಿಂದ ಬರುವಾಗ ಅದರಲ್ಲಿ ಯಾವ ಕಂಪನಿಯ ಐಎಂಎಸ್‌ಐಯೂ ಇಲ್ಲ, ಕೀಯೂ ಇಲ್ಲ. ಇವೆರಡನ್ನೂ ಕಟ್ಟಿಕೊಟ್ಟ ಗಂಟಿಗೆ ಪ್ರೊಫೈಲ್ ಅಂತ ಹೆಸರು. ಅದು ಇಂಟರ್ನೆಟ್ ಮೂಲಕ ಇಳಿಯುತ್ತದೆ.

ಪ್ರೊಫೈಲ್ ಇಳಿಸಿಕೊಳ್ಳೋಕೆ ಕಂಪನಿ ಕಳಿಸುವ ಕ್ಯೂಆರ್ ಕೋಡ್‌ನಲ್ಲಿ ಕೀ ಇರುತ್ತೆ ಅಂತ ಜಾಸ್ತಿ ಜನ ತಪ್ಪು ತಿಳಿಯುತ್ತಾರೆ. ಅದರಲ್ಲಿರುವುದು ಒಂದು ಸರ್ವರ್‌ನ ವಿಳಾಸ, ಜೊತೆಗೊಂದು ಕೋಡ್. ಫೋನ್ ಆ ಸರ್ವರ್‌ಗೆ ಹೋಗುತ್ತದೆ, ಎರಡೂ ಕಡೆಯವರು ಪರಸ್ಪರ ಗುರುತು ಪರೀಕ್ಷಿಸುತ್ತಾರೆ. ಆಮೇಲೆ ಸರ್ವರ್ ಆ ಒಂದು ಚಿಪ್ ಮಾತ್ರ ಬಿಚ್ಚಬಲ್ಲಂಥ ಬೀಗ ಹಾಕಿ ಪ್ರೊಫೈಲ್ ಕಳಿಸುತ್ತದೆ. ಆ ಚಿಪ್ಪಿನ ಗುರುತು ಇಐಡಿ, 32 ಅಂಕಿ. ಡಯಲರ್‌ನಲ್ಲಿ *#06# ಒತ್ತಿ ನೋಡಿ, ಇ-ಸಿಮ್ ಇರುವ ಫೋನ್ ಆದರೆ ಸಾಮಾನ್ಯವಾಗಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಯ ಜೊತೆ ಅದೂ ಕಾಣುತ್ತದೆ.

ಅಪ್ಪನ ಕ್ಯೂಆರ್ ಅದೇ ಹೊಸ ಫೋನಿನ ಇಮೇಲ್‌ಗೆ ಬಂತು. ತನ್ನ ಸ್ಕ್ರೀನನ್ನು ತಾನೇ ಸ್ಕ್ಯಾನ್ ಮಾಡೋದು ಹೇಗೆ? ಕೊನೆಗೆ ಅಮ್ಮನ ಫೋನಿಗೆ ಕಳಿಸಿ, ಅದರ ಸ್ಕ್ರೀನಿಗೆ ಹೊಸ ಫೋನ್ ಹಿಡಿದೆವು. ಮನೆಯಲ್ಲಿ ವೈಫೈ ಇತ್ತು, ಸದ್ಯ.

ಯಾವುದು ವಾಸಿ?

ಸಿಗ್ನಲ್ ವಿಷಯದಲ್ಲಿ ವ್ಯತ್ಯಾಸ ಹುಡುಕಬೇಡಿ, ಟವರ್ ಅದೇ, ಆಂಟೆನಾ ಅದೇ. ವಿದೇಶಕ್ಕೆ ಹೋಗುವವರಿಗೆ ಇ-ಸಿಮ್ ನಿಜಕ್ಕೂ ಅನುಕೂಲ: ಬ್ಯಾಂಕ್ ಒಟಿಪಿಗೆ ಊರಿನ ಸಿಮ್ ಟ್ರೇಯಲ್ಲೇ ಇರಲಿ, ಡೇಟಾಗೆ ಅಲ್ಲಿನ ಪ್ರೊಫೈಲ್ ಇಳಿಸಿಕೊಳ್ಳಬಹುದು. ಕಳ್ಳತನವಾದರೂ ಲಾಭ. ಪ್ಲಾಸ್ಟಿಕ್ ಸಿಮ್‌ಗೆ ಪಿನ್ ಸಂಖ್ಯೆಯ ಬೀಗ ಹಾಕಿಲ್ಲದಿದ್ದರೆ ಕಳ್ಳ ಅದನ್ನು ಕಿತ್ತು ಬೇರೆ ಫೋನಿಗೆ ಹಾಕಿ ಒಟಿಪಿ ತರಿಸಿಕೊಳ್ಳಬಲ್ಲ. ಇ-ಸಿಮ್ ಕೀಳೋಕಾಗಲ್ಲ.

ಆ ಕೀಳಲಾಗದ ಗುಣವೇ ಫೋನ್ ಕೆಟ್ಟ ದಿನ ತಲೆನೋವು. ಡಿಸ್‌ಪ್ಲೇ ಒಡೆದರೆ ಪ್ಲಾಸ್ಟಿಕ್ ಸಿಮ್ ಒಂದು ನಿಮಿಷದಲ್ಲಿ ಪಕ್ಕದ ಫೋನಿಗೆ ಹೋಗುತ್ತದೆ. ಇ-ಸಿಮ್ ಆದರೆ ಹೊಸದಾಗಿ ಕೇಳಬೇಕು, ಕಾಯಬೇಕು. ಹಳೇ ಕ್ಯೂಆರ್ ಸಾಮಾನ್ಯವಾಗಿ ಎರಡನೇ ಸಲ ನಡೆಯುವುದಿಲ್ಲ. ಆದ್ದರಿಂದ ರೀಸೆಟ್ ಮಾಡುವಾಗ "ಇ-ಸಿಮ್ ಅಳಿಸಲೇ?" ಅಂತ ಕೇಳಿದರೆ ಸುಮ್ನೆ ಹೂಂ ಅನ್ನಬೇಡಿ. ಬ್ಯಾಂಕಿಗೆ ಕೊಟ್ಟಿರುವ ನಂಬರನ್ನು ನಾನಂತೂ ಪ್ಲಾಸ್ಟಿಕ್‌ನಲ್ಲೇ ಇಟ್ಟುಕೊಂಡಿದ್ದೇನೆ. ಅಪ್ಪನಿಗೆ ಆ ಆಯ್ಕೆ ಇರಲಿಲ್ಲ.

ಮೋಸದ ದಾರಿ

ಅಪ್ಪನ ಹೊಸ ಪ್ರೊಫೈಲ್ ಚಾಲೂ ಆದ ಗಳಿಗೆಯಲ್ಲೇ ಹಳೇ ಫೋನಿನ ಸಿಗ್ನಲ್ ಹೋಯಿತು. ಸರ್ವರ್‌ನಲ್ಲಿ ನಂಬರ್ ಹೊಸ ಐಎಂಎಸ್‌ಐಗೆ ಹೊರಳಿತು, ಹಳೇ ಸಿಮ್‌ನ ಉತ್ತರಕ್ಕೆ ಬೆಲೆ ಹೋಯಿತು. ವಂಚಕರು ಮಾಡಿಸುವುದೂ ಇದನ್ನೇ. ಕಂಪನಿಯವರ ಹೆಸರಲ್ಲಿ ಫೋನ್ ಮಾಡಿ, ಕೆವೈಸಿ ಅಂತಲೋ ಅಪ್‌ಗ್ರೇಡ್ ಅಂತಲೋ ಹೇಳಿ, ನಿಮ್ಮ ಕೈಯಿಂದಲೇ ಇ-ಸಿಮ್ ಕೋರಿಕೆಗೆ ಒಪ್ಪಿಗೆ ಕೊಡಿಸುತ್ತಾರೆ. ಕ್ಯೂಆರ್ ಅವರ ಕೈಗೆ ಸೇರುತ್ತದೆ, ಒಟಿಪಿಯೂ. ಸಿಮ್ ಬದಲಾದ ಮೇಲೆ 7 ದಿನ ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತಿಲ್ಲ ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಜುಲೈ 1ರಿಂದ ನಿಯಮ ತಂದಿದೆ. ಆದರೆ ಬ್ಯಾಂಕ್ ಖಾತೆ ಖಾಲಿ ಮಾಡೋಕೆ ಪೋರ್ಟ್ ಬೇಕಾಗಿಲ್ಲ ಅಲ್ವಾ? ನೀವು ಕೇಳದೆಯೇ ಸಿಗ್ನಲ್ ಪೂರ್ತಿ ಹೋಗಿ, ಪಕ್ಕದವರ ಅದೇ ಕಂಪನಿಯ ಫೋನ್ ಸರಿಯಾಗಿ ನಡೀತಿದ್ದರೆ, ಅವರ ಫೋನಿಂದಲೇ ಕಂಪನಿಗೆ ಮತ್ತು ಬ್ಯಾಂಕಿಗೆ ಕರೆ ಮಾಡಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930.